ಎಡಗಡೆ ತಟ್ಟಿದ್ದು

ಅಪ್ಪ ನಮ್ಮೊಂದಿಗಿದ್ದ ಕೊನೆಯ ಭಾನುವಾರ, ಹಳೇ ಕಾರಿನ ಹಿಂದಿನ ಚಕ್ರದ ಸದ್ದು ಹುಡುಕಿಸಲು ಮದ್ದೂರಿಗೆ ಹೋಗಿದ್ದೆವು. ಎಡಗಡೆಯದೋ ಬಲಗಡೆಯದೋ ತಿಳಿಯುತ್ತಿರಲಿಲ್ಲ.

"ಜಾಕ್ ಮೇಲೆ ತಿರುಗ್ಸುದ್ರೆ ಸದ್ದೇ ಬರಕಿಲ್ಲ ಗೌಡ್ರೆ. ಓಡ್ವಾಗ ಡಿಕ್ಕೀಲಿ ಕೂತು ಯಾರಾರ ಕೇಳ್ಬೇಕು. ನಿಮ್ಮೊಟ್ಟೆ ಅದ್ರಲ್ಲಿ ಇಡ್ಸಕಿಲ್ಲ ಬುಡಿ" ಎಂದು ಮೆಕ್ಯಾನಿಕ್ ಸಾಬರು ನಕ್ಕರು.

ಅಪ್ಪ ಎಂಟು ವರ್ಷದ ನನ್ನನ್ನು ನೋಡಿದರು. "ಸದ್ದು ಬರೋ ಕಡೆ ತಟ್ಟು ಕಣಮ್ಮಿ, ನಿಲ್ಲುಸ್ತೀನಿ."

ಮುಚ್ಚಳ ಬಿತ್ತು. ಕತ್ತಲೆ, ಬೆನ್ನಿಗೊತ್ತುವ ಸ್ಟೆಪ್ನಿ, ಗ್ರೀಸಿನ ವಾಸನೆ. ಆ ವಾಸನೆ ಬಂದರೆ ಈಗಲೂ ನಾನು ಎದ್ದು ಬಾಗಿಲು ತೆರೆಯುತ್ತೇನೆ. ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಉಸಿರು ಕಟ್ಟಿತು. ಹೊರಗೆ ಬಂದರೆ ಸಾಕೆಂದು, ಕೈಗೆ ಹತ್ತಿರವಿದ್ದ ಎಡಗಡೆಯನ್ನೇ ತಟ್ಟಿದೆ. ಕಾರು ನಿಂತಿತು.

"ಎಡಗಡೇದೇನಾ?" ಎಂದರು ಅಪ್ಪ. ಹೂಂ ಎಂದೆ.

ಸಾಬರು ಎಡಗಡೆಯ ಬೇರಿಂಗ್ ಬದಲಾಯಿಸಿದರು. ಹಿಂದಿರುಗುವಾಗಲೂ ಸದ್ದಿತ್ತು. "ಹೊಸ ಬೇರಿಂಗು, ಕೂತ್ಕಳಗಂಟ ಒಸಿ ಕೂಗ್ತದೆ. ನನ್ನ ಮಗ್ಳ ಕಿವಿ ಸುಳ್ಳೇಳಕಿಲ್ಲ" ಎಂದು ಅಪ್ಪ ನನ್ನ ತಲೆ ಸವರಿದರು. 

ಮರುದಿನ ಮಳವಳ್ಳಿ ದಾಟಿ ಬೆಳಕವಾಡಿಗೆ ಹೋಗುವಾಗ ಕಳಚಿಕೊಂಡದ್ದು ಬಲಗಡೆಯ ಚಕ್ರ. ಅಪ್ಪ ಮನೆಗೆ ಬರಲಿಲ್ಲ.

ಅಮ್ಮನಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.