ಯೋಗ್ಯರಲ್ಲ

"ಏನಾದ್ರೂ ಒಂದು ಕೊರತೆ ಹುಡುಕಿ ಮೇಡಂ, ಸಾಕು," ಎಂದು ಮ್ಯಾನೇಜರ್ ಬಾಗಿಲ ಬಳಿಯೇ ಪಿಸುಗುಟ್ಟಿದ. ಆಫೀಸಿನವರೆಲ್ಲ ಬೆನ್ನ ಹಿಂದೆ ಅವನನ್ನು 'ಗಡಿಬಿಡಿ' ಎನ್ನುತ್ತಿದ್ದರು. "ಈ ಮನುಷ್ಯನನ್ನ ತಗೊಂಡ್ರೆ ವೀಸಾ ಕಚೇರಿಯಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆಯಲ್ಲ."

ಹಿರಿಯ ಎಂಜಿನಿಯರ್ ತಲೆಯಾಡಿಸಿದಳು. ಕೈಯಲ್ಲಿದ್ದ ಹಾಳೆಯ ಕೊನೆಯಲ್ಲಿ ಎರಡು ಚೌಕಗಳು: ಯೋಗ್ಯರು, ಯೋಗ್ಯರಲ್ಲ. ಮೂರು ವಾರಗಳಲ್ಲಿ ಏಳು ಜನರಿಗೆ ಎರಡನೆಯದಕ್ಕೇ ಗುರುತು ಹಾಕಿದ್ದಳು. ಏಳೂ ಜನರಿಗೆ ನಿಜವಾಗಿಯೂ ಕೆಲಸ ಬರುತ್ತಿರಲಿಲ್ಲ. ಅದು ಅವಳ ಪುಣ್ಯ.

ಎಂಟನೆಯ ಅಭ್ಯರ್ಥಿಗೆ ಐವತ್ತು ದಾಟಿತ್ತು. ಹೊಸ ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಕೆಲಸ ಹೋಗಿ ಹನ್ನೊಂದು ತಿಂಗಳಾಯಿತಂತೆ.

ಅವರನ್ನು ಕರೆದುಕೊಂಡು ಕ್ಯಾಂಟೀನ್ ದಾಟುವಾಗ ಟಿವಿಯಲ್ಲಿ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದರು: ಹೊರಗಿನವರಿಗೆ ವೀಸಾ ಕೊಟ್ಟೂ ಕೊಟ್ಟೂ ನಮ್ಮವರ ಹೊಟ್ಟೆ ಮೇಲೆ ಹೊಡೆದಿರಿ! ಇವರಿಬ್ಬರೂ ಬಂದದ್ದು ಕಂಡು ಒಬ್ಬ ತಟ್ಟನೆ ಸದ್ದು ಅಡಗಿಸಿದ. ಅಭ್ಯರ್ಥಿ ನೆಲ ನೋಡಿದರು. ಅವಳೂ ನೋಡಿದಳು.

ಕೋಣೆಯಲ್ಲಿ ಕೂತವಳೇ ಅತಿ ಕಷ್ಟದ ಪ್ರಶ್ನೆಯನ್ನು ಮೊದಲೇ ಎಸೆದಳು. ಆಸ್ಪತ್ರೆಗಳಲ್ಲಿ ಹಾಸಿಗೆ ಕಾಯ್ದಿರಿಸುವ ಸಾಫ್ಟ್‌ವೇರ್ ಅವಳ ಕಂಪನಿಯದು.

"ಉಳಿದಿರೋದು ಒಂದೇ ಹಾಸಿಗೆ. ಇಬ್ಬರು ನರ್ಸ್‌ಗಳು ಒಂದೇ ಕ್ಷಣಕ್ಕೆ ಬಟನ್ ಒತ್ತಿದರೆ?"

ಅವರು ಕನ್ನಡಕ ತೆಗೆದು ಒರೆಸಿದರು. "ಯಾರಿಗೆ ಸಿಗಬೇಕು ಅನ್ನೋದು ಸುಲಭ ಮೇಡಂ. ಸಿಗದವರಿಗೆ ಏನು ತೋರಿಸ್ತೀವಿ ಅನ್ನೋದು ಕಷ್ಟ. 'ಸಿಕ್ಕಿತು' ಅಂತ ತೋರಿಸಿ ಆಮೇಲೆ ಕಿತ್ಕೋಬಾರದು. ಅಷ್ಟರಲ್ಲಿ ರೋಗಿ ಆ ಹಾಸಿಗೆ ನಂಬಿಕೊಂಡು ಹೊರಟುಬಿಟ್ಟಿರ್ತಾರೆ."

ಎದ್ದು ಬೋರ್ಡಿನ ಮೇಲೆ ಹತ್ತು ಸಾಲು ಬರೆದರು. ಅವಳ ತಂಡಕ್ಕೆ ಮೂರು ತಿಂಗಳು ಹಿಡಿದಿದ್ದ ಉತ್ತರ ಅದು.

ಇನ್ನೊಂದು ಕೇಳಿದಳು. ಮತ್ತೊಂದು. ಪ್ರತಿಯೊಂದಕ್ಕೂ ಅವರಲ್ಲಿ ಉತ್ತರವಿತ್ತು.

ಫೋನ್ ನಡುಗಿತು. ಹೊರಗೆ ಹೋಗಿ ತೆಗೆದಳು. ಗಂಡ. ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದ. ಅದಕ್ಕೆ ಮುಂಚೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ.

"ಆಯ್ತಾ?"

"ಇಲ್ಲಾ ರೀ. ಈ ಸಲದವರು ಬುದ್ಧಿವಂತರು."

"ಪುಟ್ಟಿ ಕೇಳ್ತಿದಾಳೆ. ಮುಂದಿನ ವರ್ಷದ ಈಜು ತಂಡಕ್ಕೆ ಹೆಸರು ಕೊಡ್ಲಾ ಅಂತ."

"ಸಂಜೆ ಹೇಳ್ತೀನಿ," ಎಂದು ಇಟ್ಟುಬಿಟ್ಟಳು.

ಮರಳಿ ಬಂದಾಗ ಅಭ್ಯರ್ಥಿ ಬೋರ್ಡ್ ಒರೆಸುತ್ತಿದ್ದರು. "ಇದು ಹತ್ತೊಂಬತ್ತನೇ ಸಂದರ್ಶನ ಮೇಡಂ. ಎಲ್ಲರೂ ನಗುನಗುತ್ತಾ ಕಳಿಸ್ತಾರೆ, ಆಮೇಲೆ ಸುದ್ದಿಯೇ ಇಲ್ಲ. ತಪ್ಪೇನು ಅಂತ ಯಾರಾದ್ರೂ ಹೇಳಿದ್ರೆ ತಿದ್ಕೋತಿದ್ದೆ."

ಅವಳು ಪೆನ್ನು ತೆಗೆದಳು. ಎರಡನೆಯ ಚೌಕದ ಮೇಲೆ ಇಟ್ಟಳು, ಎತ್ತಿದಳು. ತಾನು ಬರೆದುಕೊಂಡಿದ್ದ ಅವರ ಉತ್ತರಗಳನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ಒಂದೇ ಒಂದು ತಪ್ಪು ಸಿಕ್ಕಿದ್ದರೆ ದೇವರಿಗೆ ಕೈಮುಗಿಯುತ್ತಿದ್ದಳು.

ಮೊದಲ ಚೌಕದಲ್ಲಿ ಗುರುತು ನೋಡಿದ ಮ್ಯಾನೇಜರ್ ಗಡಿಬಿಡಿಯ ಮುಖ ಬಿಳಿಚಿತು. "ತಲೆ ನೆಟ್ಟಗಿದೆಯಾ ನಿಮಗೆ? ನಾನು ಸಹಿ ಹಾಕಿದ್ರೆ ಮುಗೀತು. ತಗೊಳ್ಳಲೇಬೇಕಾಗುತ್ತೆ!"

"ಹಾಕಿ."

"ಇನ್ನೊಂದ್ಸಲ ಯೋಚಿಸಿ. ಮನೆಯಲ್ಲಿ ಕೇಳಿ."

"ಕೇಳಿದ್ರೆ ಬೇರೆ ಚೌಕಕ್ಕೆ ಗುರುತು ಹಾಕಿಬಿಡ್ತೀನಿ. ಅದಕ್ಕೇ ಈಗಲೇ ಹಾಕಿ ಅಂದದ್ದು."

ಸಹಿ ಬಿತ್ತು. ಅವಳೇ ಸ್ವಾಗತ ಕೋಣೆಗೆ ಹೋಗಿ ಸುದ್ದಿ ಹೇಳಿದಳು. ಅಭ್ಯರ್ಥಿ ಕುರ್ಚಿಯಿಂದ ಎದ್ದುನಿಂತರು. ಮೂಗು ಒರೆಸಿಕೊಂಡರು, ನಕ್ಕರು, ಹೆಂಡತಿಗೆ ಫೋನ್ ಮಾಡಲು ಹೋಗಿ ತಪ್ಪು ನಂಬರ್ ಒತ್ತಿದರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು: "ಈ ಕೆಲಸದಲ್ಲಿ ಮೊದಲು ಯಾರಿದ್ರು ಮೇಡಂ?"

"ಹೊರದೇಶದವಳೊಬ್ಬಳು. ಈ ಕೆಲಸ ಬಲ್ಲವರು ಇಲ್ಲಿನವರಲ್ಲಿ ಯಾರೂ ಸಿಗಲಿಲ್ಲ ಅಂತ ಕಂಪನಿ ತೋರಿಸಿದ್ರೆ ಮಾತ್ರ ಅವಳ ವೀಸಾ ಮುಂದುವರೀತಿತ್ತು. ಅದಕ್ಕೇ ಜಾಹೀರಾತು ಕೊಟ್ಟಿದ್ದು. ನೀವು ಸಿಕ್ಕಿಬಿಟ್ಟಿರಿ."

ಅವರ ನಗು ಮಾಯವಾಯಿತು. "ಅಯ್ಯೋ. ಹೊರಟುಹೋದ್ರಾ ಪಾಪ?"

"ಇನ್ನೂ ಒಂದು ತಿಂಗಳಿದೆ," ಎಂದಳು ಅವಳು. "ಸೋಮವಾರ ಬನ್ನಿ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನಾನು ಹೋಗೋದ್ರೊಳಗೆ ಎಲ್ಲಾ ಹೇಳಿಕೊಡ್ತೀನಿ."