ಚಿಕ್ಕಮ್ಮನ ಬಿಕ್ಕಳಿಕೆ

ಬೆಳಗಿನಿಂದ ಚಿಕ್ಕಮ್ಮನಿಗೆ ಒಂದೇ ಸಮನೆ ಬಿಕ್ಕಳಿಕೆ. ಅವರ ಮಣಿಕಟ್ಟಿನಲ್ಲಿದ್ದ ಪೋರ್ಟಿಗೆ ನನ್ನ ಫೋನ್ ಜೋಡಿಸಿದೆ. ಮೈಯೊಳಗೆ ನಡೆಯುತ್ತಿದ್ದದ್ದೆಲ್ಲ ಪರದೆಯ ಮೇಲೆ ಸಾಲುಸಾಲಾಗಿ ಬಂತು: ಉಸಿರು, ಎದೆಬಡಿತ, ಹಸಿವು, ಬಿಕ್ಕಳಿಕೆ.

"ಬೇಗ ನಿಲ್ಸೇ ಮಾರಾಯ್ತಿ, ಹಿಕ್, ಬೀಗರು ಬರೋ ಹೊತ್ತಾಯ್ತು!"

"ಒಂದೇ ಕಮಾಂಡ್ ಚಿಕ್ಕಮ್ಮ, ಹಾಸ್ಟೆಲ್‌ನಲ್ಲಿ ದಿನಾ ಮಾಡ್ತೀವಿ," ಎಂದು ಜಂಬದಿಂದ ಒತ್ತಿದೆ.

ಬಿಕ್ಕಳಿಕೆಯ ಸಾಲು ಅಳಿಸಿಹೋಯಿತು. ಹಸಿವಿನದೂ ಅಳಿಸಿಹೋಯಿತು. ಆಗ ನೆನಪಾಯಿತು: ನಮ್ಮ ಮೈಯಲ್ಲಿರುವುದು ಹೊಸ ಸಿಸ್ಟಮ್, ಈ ಕಮಾಂಡ್ ಹೆಸರಿಸಿದ್ದನ್ನು ಮಾತ್ರ ನಿಲ್ಲಿಸುತ್ತದೆ; ಅವರದ್ದು ಹಳೆಯದು. ಅಲ್ಲಿ ಅದೇ ಕಮಾಂಡ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ!

ಚಿಕ್ಕಮ್ಮ ಸೋಫಾಗೆ ಒರಗಿದರು. ಎದೆಬಡಿತದ ಸಾಲು ಮಂಕಾಯಿತು. ಎರಡು ಸಲ ತಪ್ಪು ಟೈಪಿಸಿ, ಕೊನೆಗೂ ಎಲ್ಲವನ್ನೂ ಮತ್ತೆ ಶುರುಮಾಡುವ ಕಮಾಂಡ್ ಒತ್ತಿದೆ. ಪರದೆ ಖಾಲಿಯೇ ಇತ್ತು.

"ಹಿಕ್."

ಚಿಕ್ಕಮ್ಮ ಕಣ್ಣುಬಿಟ್ಟು ಗದರಿದರು, "ಇನ್ನೂ ನಿಂತೇ ಇಲ್ವಲ್ಲೇ!"

"ಇರ್ಲಿ ಬಿಡಿ ಚಿಕ್ಕಮ್ಮ, ನೀರು ತರ್ತೀನಿ," ಎಂದೆ. ಮೊದಲು ಅವರ ಮಣಿಕಟ್ಟಿನಿಂದ ಫೋನ್ ಕಳಚಿದೆ.