ಒಂದು ಲೋಟ ಪೆಟ್ರೋಲು

ತಂಗಿ ಒಂದೇ ಬೆರಳಿನಿಂದ ತಳ್ಳಿದಳು. ಪಿಸ್ಟನ್ ಸಿಲಿಂಡರಿನೊಳಗೆ ಸರ್ರನೆ ಜಾರಿ, ಕೆಳಗೆ ಹಾಸಿದ್ದ ಚಿಂದಿಬಟ್ಟೆಯ ಮೇಲೆ ತೊಪ್ಪನೆ ಬಿತ್ತು.

"ಏನೇ ಇದು? ಪಿಸ್ಟನ್ನೋ, ಹಗ್ಗ ಹರಿದ ಬಿಂದಿಗೆಯೋ?" ಎಂದಳು ಅಕ್ಕ. ಗ್ಯಾರೇಜು ಅವಳದು. ಅವಳು ಮುಚ್ಚಿದ ಡಬ್ಬಿಯನ್ನು ಮನೆಯಲ್ಲಿ ಇನ್ನೊಬ್ಬರಿಂದ ತೆರೆಯಲಾದದ್ದಿಲ್ಲ, ಅಷ್ಟು ಬಿಗಿ. ಅವಳು ಜೋಡಿಸಿದ ಎಂಜಿನ್ನುಗಳೂ ಅದೇ ಜಾತಿಯವು. ಹೊಗೆಯಿಲ್ಲ, ಸೋರಿಕೆಯಿಲ್ಲ, ಅವಸರವೂ ಇಲ್ಲ.

"ನೀನು ಪಿಸ್ಟನ್ನಿಗೆ ಹಾಕೋ ರಿಂಗುಗಳು ಹಲ್ಲಿ ಥರ ಸಿಲಿಂಡರಿನ ಗೋಡೆಗೆ ಅಂಟ್ಕೊಂಡಿರ್ತಾವೆ ಅಕ್ಕ. ಎಂಜಿನ್ ದುಡಿದಿದ್ರಲ್ಲಿ ಒಂದು ಪಾಲು ಆ ಉಜ್ಜಾಟಕ್ಕೇ ಹೋಗುತ್ತೆ. ಬಿಗಿ ಕಮ್ಮಿ ಮಾಡಿದ್ರೆ ಅಷ್ಟೇ ಪೆಟ್ರೋಲಿಗೆ ಇನ್ನೂ ದೂರ ಓಡುತ್ತೆ."

"ಬಿಗಿ ಕಮ್ಮಿಯಾದ್ರೆ ಉರಿದ ಗ್ಯಾಸ್ ಸಂದೀಲಿ ನುಸುಳಿ ಹೋಗಲ್ವಾ?"

"ಮಜಾ ಇರೋದೇ ಅಲ್ಲಿ! ಆ ಗ್ಯಾಸೇ ರಿಂಗಿನ ಬೆನ್ನ ಹಿಂದೆ ಹೊಕ್ಕು ಅದನ್ನ ಗೋಡೆಗೆ ಒತ್ತುತ್ತೆ. ಕೆಲಸ ಬಂದಾಗ ಬಿಗಿ, ಇಲ್ಲದಾಗ ಆರಾಮ. ಕೆಲವರ ಥರ ಹಗಲೂ ರಾತ್ರಿ ಬಿಗ್ಕೊಂಡೇ ಇರಬೇಕಾಗಿಲ್ಲ."

ಆ 'ಕೆಲವರು' ಯಾರೆಂದು ಅಕ್ಕ ಕೇಳಲಿಲ್ಲ. "ಸರಿ. ಭಾನುವಾರದ ಮೈಲೇಜ್ ಪಂದ್ಯಕ್ಕೆ ಈ ಸ್ಕೂಟರನ್ನ ನೀನೇ ಜೋಡಿಸಿ ನೀನೇ ಓಡಿಸು. ನಾನು ಬಾಯಿ ಹಾಕಲ್ಲ. ಗೆದ್ರೆ ಇನ್ಮೇಲೆ ಎಂಜಿನ್ ಕೆಲಸ ನಿಂದು. ಸೋತ್ರೆ ಸೀಮೆಎಣ್ಣೆ ತೊಟ್ಟಿನೇ ನಿನ್ನ ಸಿಂಹಾಸನ."

ವಿಜ್ಞಾನದ ಪದವಿ ಹಿಡಿದು ಗ್ಯಾರೇಜಿಗೆ ಬಂದ ದಿನದಿಂದ ತಂಗಿ ಆ ತೊಟ್ಟಿಯಲ್ಲಿ ಬಿಡಿಭಾಗಗಳನ್ನು ತೊಳೆಯುತ್ತಲೇ ಇದ್ದಳು. ಎಷ್ಟು ಶಾಂಪೂ ಸುರಿದರೂ ತಲೆಗೂದಲಿನಿಂದ ಹಳೆಯ ಲಾಟೀನಿನ ವಾಸನೆ ಹೋಗುತ್ತಿರಲಿಲ್ಲ. ಈ ಪಂದ್ಯ ಅವಳಿಗೆ ಆಟವಾಗಿರಲಿಲ್ಲ.

ಪಿಸ್ಟನ್ನಿಗೆ ಮೂರು ರಿಂಗುಗಳು. ಮೇಲಿನೆರಡು ಗ್ಯಾಸನ್ನು ತಡೆಯುವವು. ಮೂರನೆಯದು ಆಯಿಲ್ ರಿಂಗು, ಗೋಡೆಗೆ ಮೆತ್ತಿದ ಆಯಿಲನ್ನು ಕೆರೆದು ಕೆಳಕ್ಕಿಳಿಸುವುದು. ಮೇಲಿನೆರಡಕ್ಕೆ ಅವಳು ಬಿಗಿ ಕಡಿಮೆಯವನ್ನೇ ಹುಡುಕಿ ಹಾಕಿದ್ದಳು. ಎರಡಕ್ಕೆ ಒಳ್ಳೆಯದಾದರೆ ಮೂರನೆಯದೇನು ಪಾಪ ಮಾಡಿದೆ ಎಂದುಕೊಂಡು ಅದನ್ನು ಗೋಡೆಗೆ ಒತ್ತಲು ಒಳಗಿರುವ ಸ್ಪ್ರಿಂಗನ್ನೂ ಮೆತ್ತಗಿನದಕ್ಕೆ ಬದಲಿಸಿದಳು. ಅಕ್ಕ ಅದನ್ನು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡು ಹೊರಗೆ ಹೋದಳು. ಹೊಟ್ಟೆಕಿಚ್ಚು ಎಂದುಕೊಂಡಳು ತಂಗಿ.

ಭಾನುವಾರ ಪ್ರತಿ ಸ್ಕೂಟರಿಗೂ ಒಂದೊಂದು ಲೋಟ ಪೆಟ್ರೋಲು ಅಳೆದು ಸುರಿದರು. ಯಾರ ಗಾಡಿ ಎಲ್ಲರಿಗಿಂತ ದೂರ ಹೋಗಿ ನಿಲ್ಲುತ್ತದೋ ಅವರು ಗೆದ್ದಂತೆ. ನೀರಿನ ಟ್ಯಾಂಕಿನ ಹತ್ತಿರ ಒಂದು ಸ್ಕೂಟರು ಗೊರಗೊರ ಎಂದು ನಿಂತಿತು, ತಿರುವಿನಲ್ಲಿ ಇನ್ನೆರಡು. ಸೇತುವೆಯ ಈಚೆಗೆ ಉಳಿದವೆಲ್ಲ ಉಸಿರು ಬಿಟ್ಟವು. ತಂಗಿಯ ಸ್ಕೂಟರು ಮಾತ್ರ ಸೇತುವೆ ದಾಟಿ, ಇಟ್ಟಿಗೆ ಗೂಡು ದಾಟಿ, ಹಾಡಿಕೊಂಡು ಹೋಯಿತು. ಒಮ್ಮೆ ಹಿಂತಿರುಗಿ ನೋಡಿದಳು. ರಸ್ತೆಯೇ ಕಾಣಲಿಲ್ಲ. ಧೂಳಿರಬೇಕು, ಎಂಥ ವೇಗ ನನ್ನದು ಎಂದು ಹಿಗ್ಗಿದಳು.

ಕೊನೆಗೆ ಗಾಡಿ ನಿಂತಾಗ, ನೀಲಿ ಹೊಗೆಯ ಮೋಡದೊಳಗಿಂದ ಜೀಪೊಂದು ಕೆಮ್ಮುತ್ತ ಬಂತು. ಕೆಮ್ಮುತ್ತಿದ್ದದ್ದು ಜೀಪಲ್ಲ, ಅದರೊಳಗಿದ್ದ ತೀರ್ಪುಗಾರರು. ಕಾಲೇಜಿನಲ್ಲಿ ಅವಳಿಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಅಕ್ಕ.

"ಗೆದ್ದೆ ಸರ್!"

"ತಾಳಮ್ಮ, ನೀನು ಎಲ್ಲಿದ್ದೀಯ ಅಂತ ಮೊದಲು ಕಾಣಲಿ." ಮೇಷ್ಟ್ರು ಕಣ್ಣೊರೆಸಿಕೊಂಡು ಬಗ್ಗಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದರು. ಒರೆಸಿ, ಅದ್ದಿ, ಮತ್ತೆ ಎಳೆದರು. ತುದಿಯಲ್ಲಿ ನೊಣದ ಕಾಲು ಅದ್ದುವಷ್ಟೂ ಆಯಿಲ್ ಇರಲಿಲ್ಲ. "ನಾವು ಕೊಟ್ಟಿದ್ದು ಪೆಟ್ರೋಲು ಮಾತ್ರ. ಇದು ಆಯಿಲನ್ನೂ ಕುಡಿದು ಬಂದಿದೆಯಲ್ಲ?"

"ಆಯಿಲಿಂದ ಗಾಡಿ ಓಡಲ್ಲ ಸರ್. ಅದು ಸುಮ್ನೆ ಉರಿದಿದ್ದು."

"ಸುಮ್ನೆ ಉರಿಯೋದು ಅಂತ ಯಾವುದೂ ಇಲ್ಲ. ಉರಿದಿದ್ದೆಲ್ಲ ಒಂದಿಷ್ಟು ಶಕ್ತಿ ಕೊಟ್ಟೇ ಕೊಡುತ್ತೆ. ನನ್ನ ಕ್ಲಾಸಲ್ಲಿ ನಿದ್ದೆ ಮಾಡ್ತಿದ್ದೆ ಅಂತ ಹೀಗೆ ಊರಿಗೆಲ್ಲ ಹೊಗೆ ಹಾಕಿ ಸಾರಬೇಕಾ? ಉಪವಾಸದ ಪಂದ್ಯಕ್ಕೆ ಕೂತು ಹಿತ್ತಿಲ ಬಾಗಿಲಿಂದ ಊಟ ತರಿಸ್ಕೊಂಡ ಹಾಗಾಯ್ತು. ನೀನು ಪಂದ್ಯದಿಂದ ಹೊರಗೆ."

ತಂಗಿ ರಸ್ತೆಬದಿಯ ಕಲ್ಲಿನ ಮೇಲೆ ಕುಸಿದಳು. ಸೀಮೆಎಣ್ಣೆಯ ವಾಸನೆ ಆಗಲೇ ಮೂಗಿಗೆ ಬಡಿದಂತಾಯಿತು. ಅಕ್ಕ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

"ನೋಡಿದ್ಯಲ್ಲ ಅಕ್ಕ ನೀನು. ಒಂದು ಮಾತು ಹೇಳಬಾರದಿತ್ತಾ?"

"ಬಾಯಿ ಹಾಕಲ್ಲ ಅಂದಿದ್ನಲ್ಲ. ನಾಲಿಗೆ ಕಚ್ಚಿ ಕಚ್ಚಿ ಊಟ ಸೇರ್ತಿಲ್ಲ ನಂಗೆ." ಅಕ್ಕ ಹೊಗೆ ಕೊಳವೆಯೊಳಗೆ ಬಟ್ಟೆ ಸುತ್ತಿದ ಬೆರಳು ತೂರಿಸಿ, ಮೆತ್ತಿದ ಕಪ್ಪು ಜಿಡ್ಡನ್ನು ನೋಡಿದಳು. "ಮೇಲಿನೆರಡು ರಿಂಗಿನ ಬೆನ್ನಿಗೆ ಗ್ಯಾಸ್ ಇದೆ ಅಂದೆ, ಒಪ್ದೆ. ಮೂರನೆಯದರ ಬೆನ್ನಿಗೆ ಯಾರಿದ್ದಾರೆ?"

ತಂಗಿ ಯೋಚಿಸಿದಳು. ಅಲ್ಲಿಗೆ ತಲುಪುವಷ್ಟರಲ್ಲಿ ಗ್ಯಾಸಿನ ಒತ್ತಡವೆಲ್ಲ ಸತ್ತಿರುತ್ತದೆ. "ಯಾರೂ ಇಲ್ಲ."

"ಹೂಂ. ಅದಕ್ಕೆ ತನ್ನ ಬಿಗೀನೇ ಗತಿ. ಅದು ಸಡಿಲಾದ್ರೆ ಆಯಿಲ್ ಮೇಲೆ ಹತ್ತಿ ಉರಿದು ಹೋಗುತ್ತೆ."

ಸೇತುವೆಯ ಆಚೆಯಿಂದ ಗೆದ್ದವನಿಗೆ ಹೊಡೆಯುತ್ತಿದ್ದ ಚಪ್ಪಾಳೆ ಕೇಳಿಸಿತು.

"ಹಾಗಾದ್ರೆ ತೊಟ್ಟಿನೇ?" ಎಂದಳು ತಂಗಿ.

ಅಕ್ಕ ದಾರಿಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು. "ಕುಡಿದ ಆಯಿಲಿನ ಲೆಕ್ಕ ಕಳೆದ್ರೂ ನಿನ್ನ ಗಾಡಿ ಸೇತುವೆ ದಾಟ್ತಿತ್ತು ಕಣೇ," ಎಂದು ಎದ್ದು ಕೈ ಕೊಡವಿದಳು. "ನಾಳೆಯಿಂದ ಎಲ್ಲ ಎಂಜಿನ್ನಿಗೂ ಮೇಲಿನೆರಡು ರಿಂಗು ನೀನೇ ಹಾಕು. ಮೂರನೆಯದನ್ನ ಮುಟ್ಟಿದ್ರೆ ಕೈ ಮುರೀತೀನಿ."